ಗೀಸರ್ ಕೂರಿಸುವ ಮುಂಚೆ, ಕೂರಿಸುವಾಗ: ಸವಳು ನೀರಿನ ಊರಿನವರಿಗೆ

ಗೀಸರ್ ತರಲು ಅಂಗಡಿಗೆ ಹೋಗುವ ಮುಂಚೆ ಮನೆಯ ಹೆಸ್ಕಾಂ ಬಿಲ್ ತೆಗೆದು ನೋಡಿ. ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಎಂದು ಅದರಲ್ಲೇ ಬರೆದಿರುತ್ತದೆ. ವಿಜಯಪುರದ ಹಳೆಯ ಓಣಿಗಳ ಎಷ್ಟೋ ಮನೆಗಳಲ್ಲಿ ಅದು ಇನ್ನೂ 1 ಕಿಲೋವ್ಯಾಟ್ ಇದೆ. ನೀವು ತರಲು ಹೊರಟಿರುವ ಗೀಸರ್ ಒಂದೇ 2 ಕಿಲೋವ್ಯಾಟ್ ಎಳೆಯುತ್ತದೆ. ಅಂಥ ಮನೆಯಲ್ಲಿ ಮೊದಲ ಕೆಲಸ ಗೀಸರ್ ಕೊಳ್ಳುವುದಲ್ಲ, ಹೆಸ್ಕಾಂ ಶಾಖೆಗೆ ಹೋಗಿ ಲೋಡ್ ಹೆಚ್ಚಿಸಲು ಅರ್ಜಿ ಕೊಡುವುದು. ಒಂದಿಷ್ಟು ಠೇವಣಿ ಕಟ್ಟಬೇಕು, ತಿಂಗಳ ನಿಗದಿತ ಶುಲ್ಕ ಸ್ವಲ್ಪ ಜಾಸ್ತಿ ಆಗುತ್ತದೆ. ಆದರೆ ಕಂಬದಿಂದ ಮೀಟರ್‌ಗೆ ಬರುವ ಸರ್ವಿಸ್ ವೈರ್ ಆ ಭಾರ ತಾಳುತ್ತದೋ ಇಲ್ಲವೋ ಎಂಬುದು ಆಗಲೇ ಗೊತ್ತಾಗುತ್ತದೆ.

ಅದೇ ಬಿಲ್ಲಿನಲ್ಲಿ ಇನ್ನೊಂದು ಅಂಕಿ ನೋಡಿ: ತಿಂಗಳಿಗೆ ಎಷ್ಟು ಯೂನಿಟ್ ಬಳಸುತ್ತಿದ್ದೀರಿ? ಗೃಹಜ್ಯೋತಿ ಎಂದರೆ ಎಲ್ಲರಿಗೂ 200 ಯೂನಿಟ್ ಪುಕ್ಕಟೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಪುಕ್ಕಟೆ ಮಿತಿಯನ್ನು ನಿಮ್ಮ ಮನೆಯ 2022-23ರ ಸರಾಸರಿಯ ಮೇಲೆ ಸ್ವಲ್ಪ ಸೇರಿಸಿ ಹಾಕಿರುತ್ತಾರೆ. ಅದಕ್ಕಿಂತ ಹೆಚ್ಚಾದದ್ದಕ್ಕೆ ದುಡ್ಡು ಕೊಡಬೇಕು. 200 ದಾಟಿತೋ, ಪೂರ್ತಿ ಬಿಲ್ ನಿಮ್ಮ ಮೇಲೆಯೇ ಬರುತ್ತದೆ.

ಹಾಗಾದರೆ ಗೀಸರ್ ಎಷ್ಟು ತಿನ್ನುತ್ತದೆ? ಲೆಕ್ಕ ಕಷ್ಟವಿಲ್ಲ. 20 ಲೀಟರ್‌ನ ಒಂದು ಬಕೆಟ್ ನೀರನ್ನು 25 ಡಿಗ್ರಿಯಿಂದ ಜಳಕಕ್ಕೆ ಹಿತವಾದ 40 ಡಿಗ್ರಿಗೆ ತರಲು ಸುಮಾರು 0.35 ಯೂನಿಟ್ ಬೇಕು. ಚಳಿಗಾಲದಲ್ಲಿ ಟಾಕಿಯ ನೀರು 20 ಡಿಗ್ರಿಗೆ ಇಳಿದರೆ ಅರ್ಧ ಯೂನಿಟ್ ಹತ್ತಿರ. ನಾಲ್ಕು ಜನರ ಮನೆ, ದಿನಕ್ಕೆ ಒಬ್ಬರಿಗೆ ಒಂದು ಬಕೆಟ್ ಎಂದರೆ ತಿಂಗಳಿಗೆ 45ರಿಂದ 60 ಯೂನಿಟ್. ನಿಮ್ಮ ಈಗಿನ ಬಳಕೆ 150ರ ಆಸುಪಾಸು ಇದ್ದರೆ ಈ ಲೆಕ್ಕವನ್ನು ಎರಡು ಸಲ ಮಾಡಿ ನೋಡಿ. ಮಾಳಿಗೆ ನಿಮ್ಮದೇ ಆಗಿದ್ದರೆ ಸೋಲಾರ್ ಕಡೆಗೂ ಒಮ್ಮೆ ಕಣ್ಣು ಹಾಯಿಸಬಹುದು, ನಮ್ಮ ಕಡೆ ಬಿಸಿಲಿಗೇನು ಬರವಿಲ್ಲ ಅಲ್ವಾ?

ಯಾವ ಗೀಸರ್, ಎಷ್ಟು ಲೀಟರ್

ಬಕೆಟ್ ಜಳಕದ ಮನೆಗೆ 15 ಲೀಟರ್, 2 ಕಿಲೋವ್ಯಾಟ್ ಸಾಕು. ಒಳಗಿನ ನೀರು 60 ಡಿಗ್ರಿಗೆ ಏರಲು 18ರಿಂದ 20 ನಿಮಿಷ ಹಿಡಿಯುತ್ತದೆ. ಅದಕ್ಕೆ ತಣ್ಣೀರು ಬೆರೆಸಿದರೆ ಹತ್ತಿರ ಹತ್ತಿರ ಎರಡು ಬಕೆಟ್ ಆಗುತ್ತದೆ. ಇಬ್ಬರ ಜಳಕ ಮುಗಿಯುವಷ್ಟರಲ್ಲಿ ಮುಂದಿನ ಇಬ್ಬರಿಗೆ ಕಾಯುತ್ತಿರುತ್ತದೆ. ಬೆಳಗಿನ ಗಡಿಬಿಡಿಯಲ್ಲಿ ಎಲ್ಲರಿಗೂ ಒಟ್ಟಿಗೇ ಬೇಕು, ಶವರ್ ಕೂಡ ಬೇಕು ಎನ್ನುವವರು 25 ಲೀಟರ್ ತೆಗೆದುಕೊಳ್ಳಲಿ.

3 ಕಿಲೋವ್ಯಾಟ್‌ನ ಪುಟ್ಟ ಇನ್‌ಸ್ಟಂಟ್ ಗೀಸರ್ ಅಗ್ಗ ಎಂದು ಕೆಲವರು ಅದನ್ನೇ ಬಚ್ಚಲಿಗೆ ಹಾಕುತ್ತಾರೆ. ನೀರನ್ನು 15 ಡಿಗ್ರಿ ಏರಿಸಬೇಕಾದರೆ ಅದು ನಿಮಿಷಕ್ಕೆ 3 ಲೀಟರ್‌ಗಿಂತ ಹೆಚ್ಚು ಕೊಡಲಾರದು. ಒಂದು ಬಕೆಟ್ ತುಂಬಲು ಏಳು ನಿಮಿಷ. ಅಡುಗೆಮನೆಯ ಸಿಂಕಿಗೆ ಸರಿ, ಜಳಕಕ್ಕೆ ನಾನಂತೂ ಹೇಳುವುದಿಲ್ಲ.

ಪೆಟ್ಟಿಗೆಯ ಮೇಲೆ ಐಎಸ್‌ಐ ಗುರುತು ಮತ್ತು ಐಎಸ್ 2082 ಎಂಬ ಅಂಕಿ ಇರಲಿ. ಸ್ಟಾರ್ ಜಾಸ್ತಿ ಇದ್ದಷ್ಟೂ ಕಾಯ್ದ ನೀರು ಸುಮ್ನೆ ನಿಂತಾಗ ಕಳೆದುಕೊಳ್ಳುವ ಬಿಸಿ ಕಡಿಮೆ. ಮಾಳಿಗೆ ತಗ್ಗಿರುವ ಬಚ್ಚಲಿಗೆ ಅಡ್ಡ ಗೀಸರ್ ಬೇಕಾಗಬಹುದು. ಆದರೆ ಉದ್ದ ಮಾದರಿಯನ್ನು ಅಡ್ಡ ಮಲಗಿಸಿ ಕೂರಿಸುವ ಹಾಗಿಲ್ಲ. ಒಳಗಿನ ಪೈಪ್ ಮತ್ತು ನೀರು ಸಾಕಷ್ಟು ಕಾಯ್ದಾಗ ಕರೆಂಟ್ ಕಡಿಯುವ ಥರ್ಮೋಸ್ಟಾಟ್ ಎರಡೂ ನಿಂತ ಭಂಗಿಗೇ ಮಾಡಿದವು.

ಅಂಗಡಿಯವರು ಡಿಜಿಟಲ್ ಪರದೆ, ರಿಮೋಟ್ ಎಂದೆಲ್ಲ ತೋರಿಸುತ್ತಾರೆ. ನೀವು ಮೂರು ವಿಷಯ ಕೇಳಿ: ಟ್ಯಾಂಕ್ ಒಳಗೆ ಗಾಜಿನ ಲೇಪ ಇದೆಯೇ, ಮೆಗ್ನೀಸಿಯಂ ಆನೋಡ್ ರಾಡ್ (ಟ್ಯಾಂಕಿನ ಬದಲು ತಾನು ಸವೆಯುವ ಕಡ್ಡಿ) ಬದಲಿಸಲು ಬರುತ್ತದೆಯೇ, ವಾರಂಟಿಗೆ ನೀರಿನ ಗಡಸುತನದ, ಅಂದರೆ ಕರಗಿದ ಸುಣ್ಣದಂಶದ, ಮಿತಿ ಹಾಕಿದ್ದಾರೆಯೇ. ಮೂರನೆಯದನ್ನು ಅವರ ಬಾಯಿಂದ ಕೇಳಿ ಬಿಡಬೇಡಿ, ಕಾರ್ಡ್ ಬಿಚ್ಚಿ ಓದಿ.

ನೀರು ಯಾವುದು?

ವಿಜಯಪುರ, ಬಾಗಲಕೋಟೆ ಕಡೆ ಗೀಸರ್ ಕೆಡುವುದು ಹೆಚ್ಚಾಗಿ ಬೋರಿನ ನೀರಿನಿಂದ. ಸಾಬೂನು ನೊರೆ ಬರುವುದಿಲ್ಲ, ನಳದ ಬಾಯಿಗೆ ಬೆಳ್ಳಗೆ ಕಟ್ಟಿಕೊಳ್ಳುತ್ತದೆ, ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪದರ ಕೂರುತ್ತದೆ. ಅದೇ ಪದರ ಗೀಸರ್ ಒಳಗೆ ನೀರು ಕಾಯಿಸುವ ಕಾಯಿಲ್ ಮೇಲೂ ಕೂರುತ್ತದೆ. ನೀರು ಬಿಸಿಯಾದಾಗ ಅದರಲ್ಲಿ ಕರಗಿದ್ದ ಸುಣ್ಣ ಬೇರೆಯಾಗಿ ಗಟ್ಟಿಯಾಗುತ್ತದೆ. 60 ಡಿಗ್ರಿ ದಾಟಿದರೆ ಇನ್ನೂ ಜೋರಾಗಿ ಕಟ್ಟುತ್ತದೆ. ಕಾಯಿಲ್ ಸುಣ್ಣದ ಅಂಗಿ ತೊಟ್ಟ ಹಾಗಾಗಿ ಅದರ ಬಿಸಿ ನೀರಿಗೆ ಹೋಗುವುದಿಲ್ಲ. ತನ್ನೊಳಗೇ ಕಾದು ಕಾದು ಒಂದು ದಿನ ಒಡೆಯುತ್ತದೆ. ಕಾಯಿಲ್ ಒಡೆದರೆ ಕರೆಂಟ್ ನೀರಿಗಿಳಿಯುತ್ತದೆ. ಅಂದರೆ ಸವಳು ನೀರು ಬರೀ ಖರ್ಚಿನ ಮಾತಲ್ಲ, ಶಾಕಿನ ಮಾತೂ ಹೌದು.

ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನ ಲೀಟರ್‌ಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರು ಇಲ್ಲದಿದ್ದರೆ 600ರವರೆಗೆ ನಡೆಯುತ್ತದೆ ಎಂದಿದೆ. ನಿಮ್ಮ ಬೋರಿನ ನೀರನ್ನು ಒಮ್ಮೆ ಪರೀಕ್ಷೆ ಮಾಡಿಸಿದರೆ ಎಲ್ಲಿದ್ದೀರಿ ಎಂದು ತಿಳಿಯುತ್ತದೆ. ಟಿಡಿಎಸ್ ಮೀಟರ್ ತೋರಿಸುವುದು ಒಟ್ಟು ಉಪ್ಪಿನಂಶ, ಗಡಸುತನವಲ್ಲ. ಅದರ ಅಂಕಿ ನೋಡಿ ತೀರ್ಮಾನ ಮಾಡಬೇಡಿ.

ಇದಕ್ಕೆ ಎಲ್ಲಕ್ಕಿಂತ ಒಳ್ಳೆಯ ಮದ್ದು ಎರಡು ಟಾಕಿ. ವಿಜಯಪುರದ ನಳಕ್ಕೆ ಕೊಲ್ಹಾರದ ಕಡೆಯಿಂದ ಕೃಷ್ಣೆಯ ನೀರು ಬರುತ್ತದೆ. ಬೋರಿಗೆ ಹೋಲಿಸಿದರೆ ಅದು ಎಷ್ಟೋ ಸಿಹಿ. ಆದರೆ ಬಹಳ ಮನೆಗಳಲ್ಲಿ ನಳದ ನೀರು, ಬೋರಿನ ನೀರು ಎರಡನ್ನೂ ಒಂದೇ ಟಾಕಿಗೆ ಏರಿಸುತ್ತಾರೆ. ಮಾಳಿಗೆಯ ಮೇಲೆ 200-300 ಲೀಟರ್‌ನ ಇನ್ನೊಂದು ಸಣ್ಣ ಟಾಕಿ ಇಟ್ಟು, ಅದಕ್ಕೆ ನಳದ ನೀರು ಮಾತ್ರ ಬಿಟ್ಟು, ಗೀಸರ್‌ಗೆ ಅಲ್ಲಿಂದಲೇ ಪೈಪ್ ಇಳಿಸಿ. ಬಟ್ಟೆ, ಪಾತ್ರೆ, ಸಂಡಾಸಿಗೆ ಬೋರಿನದು ನಡೆಯುತ್ತದೆ. ಟಾಕಿ ಮತ್ತು ಪೈಪಿನ ಖರ್ಚು ಒಂದೇ ಸಲ, ಕಾಯಿಲ್ ಬದಲಿಸುವ ಖರ್ಚು ಮಾತ್ರ ಮೇಲಿಂದ ಮೇಲೆ. ಬೋರ್ ಬಿಟ್ಟರೆ ಗತಿಯಿಲ್ಲ ಎನ್ನುವವರು ಗಾಜಿನ ಲೇಪದ ಕಾಯಿಲ್ ಇರುವ ಮಾದರಿ ನೋಡಲಿ, ಥರ್ಮೋಸ್ಟಾಟನ್ನು 50-55ರ ಮೇಲೆ ಇಡದಿರಲಿ.

ಬೆಳಗಾವಿಯವರ ಕಥೆ ಸ್ವಲ್ಪ ಬೇರೆ. ಹಿಡಕಲ್, ರಕ್ಕಸಕೊಪ್ಪದ ನೀರು ಬರುವ ಕಡೆ ಸುಣ್ಣದ ಕಾಟ ಕಡಿಮೆ, ಚಳಿ ಜಾಸ್ತಿ. ಆದರೆ 24 ತಾಸು ನೀರು ಬರುವ ವಾರ್ಡುಗಳಲ್ಲಿ ಟಾಕಿಗೆ ಹೋಗದೆ ನೇರ ನಳದಿಂದಲೇ ಗೀಸರ್‌ಗೆ ಕೊಡುತ್ತಿದ್ದರೆ ಒತ್ತಡ ಎಷ್ಟಿದೆ ಎಂದು ಪ್ಲಂಬರ್ ಕಡೆಯಿಂದ ಅಳೆಸಿಕೊಳ್ಳಿ. ಪ್ರೆಶರ್ ಪಂಪ್ ಇರುವ ಮನೆಗೂ ಇದೇ ಮಾತು. ಗೀಸರ್ ಎಷ್ಟು ಬಾರ್ ತಾಳುತ್ತದೆ ಎಂದು ಅದರ ಮೇಲೆ ಬರೆದಿರುತ್ತದೆ. ಅದಕ್ಕಿಂತ ಹೆಚ್ಚಿದ್ದರೆ ಒತ್ತಡ ಇಳಿಸುವ ವಾಲ್ವ್ ಬೇಕು.

ಅರ್ಥಿಂಗ್, ವೈರ್, ಸ್ವಿಚ್

ಇಲ್ಲಿ ಅವಸರ ಬೇಡ. ಈ ಭಾಗದ ಕೆಲಸ ಲೈಸೆನ್ಸ್ ಇರುವ ವೈರ್‌ಮನ್‌ನದೇ. ನೀವು ಮಾಡಬೇಕಾದದ್ದು ಪಕ್ಕದಲ್ಲಿ ನಿಂತು ಕೇಳುವುದು. ಕಂಪನಿಯಿಂದ ಬರುವ ಹುಡುಗ ಗೋಡೆಗೆ ಗೀಸರ್ ತೂಗುಹಾಕಿ, ಪ್ಲಗ್ ಚುಚ್ಚಿ, ಕಾರ್ಡಿಗೆ ಸಹಿ ಹಾಕಿ ಹೋಗುತ್ತಾನೆ. ನಿಮ್ಮ ಅರ್ಥಿಂಗ್ ನೋಡುವುದು ಅವನ ಕೆಲಸದಲ್ಲಿ ಬರುವುದಿಲ್ಲ. ಹಾಗಾಗಿ ವೈರ್‌ಮನ್ ಕೆಲಸ ಮುಗಿದ ಮೇಲೆಯೇ ಅವನನ್ನು ಕರೆಯಿರಿ.

ಮೊದಲು ಅರ್ಥಿಂಗ್ ಇದೆಯೇ ನೋಡಿಸಿ. ಮೂರು ತೂತಿನ ಸಾಕೆಟ್ ಇದ್ದ ಮಾತ್ರಕ್ಕೆ ಅರ್ಥಿಂಗ್ ಇದೆ ಎಂದಲ್ಲ. ಮಲ್ಟಿಮೀಟರ್‌ನಲ್ಲಿ ಫೇಸ್ ಮತ್ತು ನ್ಯೂಟ್ರಲ್ ನಡುವೆ ಎಷ್ಟು ವೋಲ್ಟ್ ಬರುತ್ತದೋ, ಫೇಸ್ ಮತ್ತು ಅರ್ಥ್ ನಡುವೆಯೂ ಹತ್ತಿರ ಅಷ್ಟೇ ಬರಬೇಕು. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎರಡು ಮೂರು ವೋಲ್ಟಿನ ಒಳಗಿರಬೇಕು. ಹತ್ತು, ಇಪ್ಪತ್ತು ತೋರಿಸಿದರೆ ಎಲ್ಲೋ ತೊಂದರೆ ಇದೆ. ಪೂರಾ ಸೊನ್ನೆ ತೋರಿಸಿದರೂ ಸಾಕೆಟ್ ಬಿಚ್ಚಿಸಿ ನೋಡಿ. ಅರ್ಥಿಂಗ್ ಇಲ್ಲದ ಮನೆಯಲ್ಲಿ ಕೆಲವರು ಸಾಕೆಟ್ ಒಳಗೆ ನ್ಯೂಟ್ರಲ್‌ನಿಂದ ಒಂದು ತುಂಡು ವೈರ್ ತಂದು ಅರ್ಥ್ ಪಿನ್ನಿಗೆ ಕಟ್ಟಿರುತ್ತಾರೆ. ಮೀಟರ್‌ನಲ್ಲಿ ಎಲ್ಲ ಸರಿ ಕಾಣುತ್ತದೆ. ಆದರೆ ಕಂಬದ ಹತ್ತಿರವೋ ಮೇನ್ ಬೋರ್ಡಿನಲ್ಲೋ ನ್ಯೂಟ್ರಲ್ ಕಿತ್ತ ಕ್ಷಣ ಗೀಸರ್‌ನ ಮೈಯೆಲ್ಲ ಫೇಸ್ ಆಗುತ್ತದೆ. ಒದ್ದೆ ಕೈಯಲ್ಲಿ ನಳ ಮುಟ್ಟುವವರ ಗತಿ ಏನು ಎಂದು ನಾನು ಬಿಡಿಸಿ ಹೇಳಬೇಕಿಲ್ಲ. ನೀರಿನ ಪೈಪಿಗೆ ಅರ್ಥ್ ಕಟ್ಟುವುದೂ ಬೇಡ. ಈಗಿನ ಪೈಪೆಲ್ಲ ಪ್ಲಾಸ್ಟಿಕ್, ಕರೆಂಟ್ ನೆಲಕ್ಕೆ ಹೋಗುವ ದಾರಿಯೇ ಇರುವುದಿಲ್ಲ.

ಹೊಸ ಅರ್ಥಿಂಗ್ ಹಾಕಿಸುವುದಾದರೆ ಪೈಪ್ ಕನಿಷ್ಠ 2.5 ಮೀಟರ್ ಉದ್ದ ಇರಲಿ, ನೆಟ್ಟಗೆ ಇಳಿಯಲಿ. ಎರೆ ಮಣ್ಣಿನ ಕಡೆ ಹಸಿ ಇರುವಾಗ ಅರ್ಥಿಂಗ್ ಬಹಳ ಚೆನ್ನಾಗಿರುತ್ತದೆ. ಬೇಸಿಗೆಯಲ್ಲಿ ಅದೇ ನೆಲ ಬಿರುಕು ಬಿಟ್ಟು ಪೈಪಿನಿಂದ ಸರಿಯುತ್ತದೆ. ಮಾರ್ಚ್‌ನಿಂದ ಮಳೆ ಬರುವವರೆಗೆ ಗುಂಡಿಗೆ ವಾರಕ್ಕೊಮ್ಮೆ ಎರಡು ಕೊಡ ನೀರು ಹಾಕಿ. ಬಾದಾಮಿ, ಗುಳೇದಗುಡ್ಡ, ಇಳಕಲ್ ಕಡೆ ಎರಡು ಅಡಿ ಅಗೆದರೆ ಕಲ್ಲು ಬರುವ ಜಾಗಗಳಿವೆ. ಅಲ್ಲಿ ಅರ್ಧಕ್ಕೇ ಪೈಪ್ ಕತ್ತರಿಸಿ ಹೂಳಿ ಹೋಗುವವರಿದ್ದಾರೆ. ಬಿಡಬೇಡಿ. ಡ್ರಿಲ್ ಹೊಡೆಸಿ ಪೂರ್ತಿ ಆಳಕ್ಕೆ ಇಳಿಸಿ ಅರ್ಥಿಂಗ್ ಪುಡಿ ತುಂಬಿಸಿ. ಇಲ್ಲವೇ ಬಚ್ಚಲ ನೀರು ಹರಿಯುವ ತೇವದ ಮಗ್ಗುಲು ಹುಡುಕಿ.

ಇನ್ನು ವೈರ್. 2 ಕಿಲೋವ್ಯಾಟ್ ಗೀಸರ್ ಸುಮಾರು 9 ಆಂಪಿಯರ್ ಎಳೆಯುತ್ತದೆ, 3 ಕಿಲೋವ್ಯಾಟ್‌ನದು 13. ಬೋರ್ಡಿನಿಂದ ಗೀಸರ್‌ವರೆಗೆ ಬೇರೆಯೇ ಲೈನ್ ಎಳೆಸಿ, 4 ಚದರ ಮಿಲಿಮೀಟರ್ ತಾಮ್ರದ ವೈರ್ ಹಾಕಿಸಿ. ನಡುವೆ ಬೇರೆ ಸಾಕೆಟ್, ಲೈಟ್ ಯಾವುದನ್ನೂ ಅದರಿಂದ ತೆಗೆಯಬಾರದು. ಇನ್ವರ್ಟರ್ ಲೈನಿಗಂತೂ ಸೇರಿಸಲೇಬಾರದು. ಹಳೆಯ ಮನೆಯ ಅಲ್ಯೂಮಿನಿಯಂ ವೈರಿಗೆ ಜೋಡಿಸುವುದು, 6 ಆಂಪಿಯರ್ ಸಾಕೆಟ್‌ಗೆ ಅಡಾಪ್ಟರ್ ಹಾಕಿ ಚುಚ್ಚುವುದು, ಎಕ್ಸ್‌ಟೆನ್ಶನ್ ಬೋರ್ಡ್ ತರುವುದು, ಇವೆಲ್ಲ ಬೆಂಕಿಗೆ ಕರೆಯೋಲೆ. 16 ಆಂಪಿಯರ್‌ನ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್), 16 ಆಂಪಿಯರ್‌ನ ಸಾಕೆಟ್, ಬಚ್ಚಲ ಹೊರಗಿನ ಗೋಡೆಗೆ ದೀಪ ಇರುವ 20 ಆಂಪಿಯರ್‌ನ ಡಬಲ್ ಪೋಲ್ ಸ್ವಿಚ್ ಇರಲಿ. ಡಬಲ್ ಪೋಲ್ ಯಾಕೆಂದರೆ ಅದು ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುತ್ತದೆ. ವೈರಿಂಗ್ ತಿರುವುಮುರುವಾಗಿರುವ ಮನೆಯಲ್ಲಿ ಮಾಮೂಲಿ ಸ್ವಿಚ್ ಆರಿಸಿದರೂ ಗೀಸರ್ ಒಳಗೆ ಕರೆಂಟ್ ಇರಬಹುದು.

ಇವುಗಳ ಜೊತೆಗೆ ಕರೆಂಟ್ ಸೋರಿದರೆ ಲೈನ್ ಕಡಿಯುವ ಆರ್‌ಸಿಸಿಬಿಯೂ ಬೇಕು. ಎಂಸಿಬಿ ಹಾಕಿದ್ದೇವಲ್ಲ, ಮತ್ತೇಕೆ ಇದು ಎಂದು ಕೇಳುವವರೇ ಜಾಸ್ತಿ. ಎಂಸಿಬಿ ಬೀಳುವುದು ವೈರ್ ತಾಳದಷ್ಟು ಕರೆಂಟ್ ಹರಿದಾಗ. ಮನುಷ್ಯನಿಗೆ ಅಪಾಯ ಮಾಡಲು ಅದರ ಸಣ್ಣ ಪಾಲು ಸಾಕು. ಆರ್‌ಸಿಸಿಬಿ ಹೋದ ಕರೆಂಟ್ ಅಷ್ಟೂ ಹಿಂದೆ ಬಂತೇ ಎಂದು ನೋಡುತ್ತಿರುತ್ತದೆ. 30 ಮಿಲಿಆಂಪಿಯರ್ ಸೋರಿದರೂ ಕಣ್ಣು ಮಿಟುಕಿಸುವಷ್ಟರಲ್ಲಿ ಕಡಿದುಹಾಕುತ್ತದೆ. 30 ಮಿಲಿಆಂಪಿಯರ್‌ನದನ್ನೇ ತನ್ನಿ, 100 ಅಥವಾ 300ರದ್ದು ಈ ಕೆಲಸಕ್ಕಲ್ಲ. ದುಡ್ಡು ಉಳಿಸಬೇಕಾದರೆ ಗೀಸರ್‌ನ ಡಿಜಿಟಲ್ ಪರದೆಯಲ್ಲಿ ಉಳಿಸಿ, ಇದರಲ್ಲಿ ಬೇಡ.

ಗೋಡೆ

15 ಲೀಟರ್ ಗೀಸರ್ ನೀರು ತುಂಬಿದಾಗ 25 ಕಿಲೋ ಹತ್ತಿರ ತೂಗುತ್ತದೆ, 25 ಲೀಟರ್‌ನದು 35 ದಾಟುತ್ತದೆ. ಇಟ್ಟಂಗಿ ಅಥವಾ ಕಾಂಕ್ರೀಟ್ ಗೋಡೆಗೆ ಪೆಟ್ಟಿಗೆಯಲ್ಲಿ ಬರುವ ಆ್ಯಂಕರ್ ಬೋಲ್ಟ್ ಸಾಕು. ಟೊಳ್ಳು ಬ್ಲಾಕಿನ ಗೋಡೆಗೆ ಅದು ನಿಲ್ಲುವುದಿಲ್ಲ. ಗೋಡೆಯ ಆಚೆ ಬದಿಗೆ ಕಬ್ಬಿಣದ ಪಟ್ಟಿ ಇಟ್ಟು ಆರಪಾರ ಬೋಲ್ಟ್ ಹಾಕಬೇಕು. ಕಲ್ಲು ಮಣ್ಣಿನ ದಪ್ಪ ಗೋಡೆಯ ಮನೆಗಳಲ್ಲಿ ಡ್ರಿಲ್ ಹಾಕಿದರೆ ಸಂದಿಯ ಮಣ್ಣು ಉದುರುತ್ತಲೇ ಇರುತ್ತದೆ. ಅಲ್ಲಿ ಒಂದು ಕಲ್ಲಿನಷ್ಟು ಜಾಗ ಬಿಡಿಸಿ, ಬೋಲ್ಟ್ ಇಟ್ಟು ಕಾಂಕ್ರೀಟ್ ತುಂಬಿ, ಒಂದು ವಾರ ನೀರು ಹೊಡೆದು ಗಟ್ಟಿಯಾದ ಮೇಲೆ ತೂಗುಹಾಕಬೇಕು. ಅಷ್ಟು ಪುರುಸೊತ್ತು ಇಲ್ಲದಿದ್ದರೆ ವೆಲ್ಡಿಂಗ್ ಅಂಗಡಿಯಲ್ಲಿ ಆ್ಯಂಗಲ್ ಕಬ್ಬಿಣದ ಸ್ಟ್ಯಾಂಡ್ ಮಾಡಿಸಿ ನೆಲದ ಮೇಲೆ ನಿಲ್ಲಿಸಿ.

ಜಾಗ ಗುರುತು ಮಾಡುವಾಗ ಜಳಕಕ್ಕೆ ಕೂರುವ ತಲೆಯ ಮೇಲೆ ಬೇಡ, ನೀರು ಸಿಡಿಯದ ಮೂಲೆ ನೋಡಿ. ನೆಲದಿಂದ ಆರು ಅಡಿಯಷ್ಟು ಎತ್ತರ ಇರಲಿ, ಟಾಕಿಯ ತಳಕ್ಕಿಂತ ಕೆಳಗಿರಲಿ. ಗೀಸರ್ ಕೆಳಗೆ ಒಂದೂವರೆ ಅಡಿ ಖಾಲಿ ಬಿಡಿ, ಮುಂದೆ ಕಾಯಿಲ್ ಹೊರಗೆಳೆಯಲು ಆ ಜಾಗ ಬೇಕಾಗುತ್ತದೆ. ಅಡ್ಡ ಬೇಸಿನ್ ಪೈಪ್ ಹಾಕಿ ಆ ಜಾಗ ಮುಚ್ಚಿಬಿಟ್ಟ ಬಚ್ಚಲುಗಳಲ್ಲಿ ಸಣ್ಣ ರಿಪೇರಿಗೂ ಗೀಸರ್ ಪೂರ್ತಿ ಇಳಿಸಬೇಕು.

ಪೈಪ್ ಜೋಡಿಸುವುದು

ನೀಲಿ ಗುರುತಿನ ಕಡೆ ತಣ್ಣೀರು ಒಳಗೆ, ಕೆಂಪಿನ ಕಡೆ ಬಿಸಿನೀರು ಹೊರಗೆ. ಗೋಡೆಯೊಳಗಿನ ಪೈಪ್ ಸಿಪಿವಿಸಿ ಆಗಿರಬೇಕು, ಅದು ನಸು ಹಳದಿ ಬಣ್ಣದ್ದು. ಬೋರಿಗೆ, ಟಾಕಿಗೆ ಹಾಕುವ ಮಾಮೂಲಿ ಪಿವಿಸಿ ಬಿಸಿನೀರಿಗೆ ಮೆತ್ತಗಾಗಿ ಜೋಡಿನಲ್ಲಿ ಬಿಡುತ್ತದೆ.

ಪೆಟ್ಟಿಗೆಯಲ್ಲಿ ಸಣ್ಣ ಹಿತ್ತಾಳೆ ಸೇಫ್ಟಿ ವಾಲ್ವ್ ಇರುತ್ತದೆ. ಅದನ್ನು ಗೀಸರ್‌ನ ತಣ್ಣೀರಿನ ಬಾಯಿಗೇ ನೇರ ತಿರುಗಿಸಿ. ಮೇಲಿನ ಬಾಣದ ಗುರುತು ಗೀಸರ್ ಕಡೆ ಇರಬೇಕು. ಅದರ ಕೆಳಗೆ ಬಳುಕುವ ಕನೆಕ್ಷನ್ ಪೈಪ್, ಆಮೇಲೆ ಗೋಡೆಯ ಆ್ಯಂಗಲ್ ಕಾಕ್. ವಾಲ್ವ್ ಮತ್ತು ಗೀಸರ್ ನಡುವೆ ಯಾವ ಕಾಕೂ ಇರಬಾರದು. ನೀರು ಕಾಯ್ದಾಗ ಹಿಗ್ಗುತ್ತದೆ, 15 ಲೀಟರ್‌ಗೆ ಹತ್ತಿರ ಒಂದು ಲೋಟದಷ್ಟು. ಹೋಗಲು ಬೇರೆ ದಾರಿ ಇಲ್ಲದಾಗ ಅದು ವಾಲ್ವ್‌ನ ಸಣ್ಣ ಮೂತಿಯಿಂದ ಹನಿಹನಿಯಾಗಿ ಹೊರಬರುತ್ತದೆ. ಸೋರುತ್ತಿದೆ ಎಂದು ಅದಕ್ಕೆ ಎಂಸೀಲ್ ಹಚ್ಚಿ ಮುಚ್ಚುವವರಿದ್ದಾರೆ. ಹಾಗೆ ಮುಚ್ಚಿದರೆ ಒತ್ತಡವೆಲ್ಲ ಟ್ಯಾಂಕಿನ ಮೇಲೆ. ಮೂತಿಗೆ ಒಂದು ಸಣ್ಣ ರಬ್ಬರ್ ನಳಿಕೆ ಸಿಕ್ಕಿಸಿ ಬಚ್ಚಲ ಮೋರಿ ಕಡೆ ಇಳಿಬಿಡಿ, ಅಷ್ಟೇ.

ಟೆಫ್ಲಾನ್ ಟೇಪ್ ಹತ್ತು ಹನ್ನೆರಡು ಸುತ್ತು ಸುತ್ತಿ. ಬಿಗಿಯುವಾಗ ಒಂದು ಪಾನಾದಲ್ಲಿ ಗೀಸರ್‌ನ ಬಾಯಿ ಹಿಡಿದು, ಇನ್ನೊಂದರಲ್ಲಿ ತಿರುಗಿಸಬೇಕು. ಒಂದೇ ಪಾನಾದಲ್ಲಿ ಜೋರು ಮಾಡಿದರೆ ಟ್ಯಾಂಕಿನ ಬಾಯಿಯೇ ತಿರುಚಿ ಬೆಸುಗೆ ಬಿಡುತ್ತದೆ.

ಮೊದಲ ಸಲ ಹಚ್ಚುವುದು

ಪ್ಲಗ್ ಹಾಕುವ ಮುಂಚೆ ನೀರು. ಬಚ್ಚಲಿನ ಬಿಸಿನೀರಿನ ನಳ ಪೂರ್ತಿ ತೆರೆದಿಟ್ಟು, ಆಮೇಲೆ ಆ್ಯಂಗಲ್ ಕಾಕ್ ತೆರೆಯಿರಿ. ಮೊದಲು ಗಾಳಿ ಬುಸುಗುಟ್ಟುತ್ತದೆ, ಆಮೇಲೆ ನೀರು ತಡೆತಡೆದು ಬರುತ್ತದೆ. ಒಂದೇ ಸಮನೆ ಧಾರೆ ಬರುವವರೆಗೆ ಬಿಡಿ. ನಳ ಮುಚ್ಚಿ, ಪ್ರತಿ ಜೋಡನ್ನೂ ಒಣ ಕಾಗದದಿಂದ ಒರೆಸಿ ನೋಡಿ. ಎಲ್ಲೂ ಹಸಿ ಇಲ್ಲ ಎಂದ ಮೇಲೆ ಆರ್‌ಸಿಸಿಬಿಯ ಟೆಸ್ಟ್ ಗುಂಡಿ ಒತ್ತಿ. ಅದು ಬಿದ್ದರೆ ಮತ್ತೆ ಏರಿಸಿ ಸ್ವಿಚ್ ಹಾಕಿ. ಬೀಳದಿದ್ದರೆ ಗೀಸರ್ ಹಚ್ಚಬೇಡಿ. 20 ನಿಮಿಷದಲ್ಲಿ ಥರ್ಮೋಸ್ಟಾಟ್ ಕಡಿದು ದೀಪ ಆರಬೇಕು. ವೋಲ್ಟೇಜ್ ಕಡಿಮೆ ಇರುವ ಹಳ್ಳಿ, ತೋಟದ ಮನೆಗಳಲ್ಲಿ ಹೆಚ್ಚು ಹೊತ್ತು ಹಿಡಿದರೆ ಗಾಬರಿ ಬೇಡ. 230ರ ಬದಲು 180 ವೋಲ್ಟ್ ಬಂದರೆ 2 ಕಿಲೋವ್ಯಾಟ್ ಗೀಸರ್ ಬರೀ ಒಂದೂಕಾಲು ಕಿಲೋವ್ಯಾಟ್ ಕೆಲಸ ಮಾಡುತ್ತದೆ, ಅರ್ಧ ತಾಸು ಬೇಕಾಗುತ್ತದೆ. ಪ್ಲಗ್ ಮತ್ತು ಸಾಕೆಟ್ ಮುಟ್ಟಿದರೆ ಸುಡುವಷ್ಟು ಬಿಸಿ ಇದ್ದರೆ ಮಾತ್ರ ತಕ್ಷಣ ಆರಿಸಿ. ಒಳಗಿನ ಸ್ಕ್ರೂ ಸಡಿಲ ಇದ್ದೀತು.

ನಳಕ್ಕೆ ದಿನ ಬಿಟ್ಟು ದಿನ ನೀರು ಬರುವ ನಮ್ಮ ಊರುಗಳಲ್ಲಿ ಒಂದು ರೂಢಿ ಎಲ್ಲರಿಗೂ ಹೇಳಿಕೊಡಿ. ಸ್ವಿಚ್ ಹಾಕುವ ಮುಂಚೆ ಬಿಸಿನೀರಿನ ನಳ ತಿರುಗಿಸಿ ನೀರು ಬರುತ್ತದೆಯೇ ನೋಡಬೇಕು. ಟಾಕಿ ಖಾಲಿಯಾಗಿ ಗೀಸರ್ ಒಳಗೂ ನೀರು ಇಳಿದಿದ್ದರೆ ಕಾಯಿಲ್ ಒಣಗಿ ಸುಡುತ್ತದೆ. ನೀರು ಕಾಯ್ದ ಮೇಲೆ ಸ್ವಿಚ್ ಆರಿಸಿಯೇ ಜಳಕಕ್ಕೆ ಹೋಗಿ.

ವರ್ಷಕ್ಕೊಮ್ಮೆ, ಬೋರಿನ ನೀರಾದರೆ ಆರು ತಿಂಗಳಿಗೊಮ್ಮೆ, ತೊಳೆಸಬೇಕು. ಎಂಸಿಬಿ ಇಳಿಸಿ, ತಣ್ಣೀರು ಬಂದ್ ಮಾಡಿ, ನೀರು ಖಾಲಿ ಮಾಡಿ, ಕೆಳಗಿನ ಬೋಲ್ಟ್ ಬಿಚ್ಚಿ ಕಾಯಿಲ್ ಮತ್ತು ಆನೋಡ್ ರಾಡ್ ಹೊರಗೆ ತೆಗೆಯುತ್ತಾರೆ. ಕಿರಾಣಿ ಅಂಗಡಿಯ ಸಿಟ್ರಿಕ್ ಆ್ಯಸಿಡ್ ಪುಡಿ ಕಲಸಿದ ಬಿಸಿನೀರಿನಲ್ಲಿ ಕಾಯಿಲ್ ನೆನೆಸಿದರೆ ಸುಣ್ಣ ಬಿಡುತ್ತದೆ. ಕರೆಂಟ್ ತುದಿಗಳು ಮಾತ್ರ ನೀರಿನ ಮೇಲಿರಲಿ. ಸಂಡಾಸು ತೊಳೆಯುವ ಆ್ಯಸಿಡ್ ಹಾಕಲು ಬಿಡಬೇಡಿ, ಅದು ಲೋಹವನ್ನೇ ತಿನ್ನುತ್ತದೆ. ಆನೋಡ್ ರಾಡ್ ಸವೆಯುವುದು ತಪ್ಪಲ್ಲ, ಟ್ಯಾಂಕಿನ ಬದಲು ತಾನು ಸವೆಯಲೆಂದೇ ಅದನ್ನು ಹಾಕಿರುವುದು. ಅರ್ಧಕ್ಕಿಂತ ತೆಳ್ಳಗಾಗಿದ್ದರೆ ಹೊಸದು ಹಾಕಿಸಿ. ಗ್ಯಾಸ್ಕೆಟ್ ಹಳೆಯದನ್ನೇ ಮತ್ತೆ ಕೂರಿಸಿದರೆ ಸೋರುತ್ತದೆ, ಅದನ್ನೂ ಹೊಸದೇ ತರಿಸಿ.

ನಡುವೆ ಗೀಸರ್ ಕಟಕಟ ಸದ್ದು ಮಾಡತೊಡಗಿದರೆ, ನೀರು ಕಾಯಲು ಮೊದಲಿಗಿಂತ ಜಾಸ್ತಿ ಹೊತ್ತು ಹಿಡಿದರೆ, ಆರು ತಿಂಗಳು ಕಾಯದೆ ವೈರ್‌ಮನ್‌ಗೆ ಫೋನ್ ಮಾಡಿ. ಆರ್‌ಸಿಸಿಬಿ ಬಿದ್ದು ಮತ್ತೆ ಏರಿಸಿದರೂ ಬೀಳುತ್ತಿದ್ದರೆ ಗೀಸರ್ ಪ್ಲಗ್ ಕಿತ್ತು ಏರಿಸಿ ನೋಡಿ. ಆಗ ನಿಂತರೆ ದೋಷ ಗೀಸರ್‌ನದು, ಕಾಯಿಲ್ ಬದಲಿಸುವವರೆಗೆ ಅದನ್ನು ಹಚ್ಚುವಂತಿಲ್ಲ. ಬೇಸರಕ್ಕೆ ಆರ್‌ಸಿಸಿಬಿ ತಪ್ಪಿಸಿ ನೇರ ಲೈನ್ ಕೊಡಿ ಎಂದು ಮಾತ್ರ ಯಾರಿಗೂ ಹೇಳಬೇಡಿ. ಆ ಎರಡು ದಿನ ಒಲೆ ಮೇಲೆ ನೀರು ಕಾಯಿಸಿಕೊಳ್ಳಿ.